ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಕಾ? ಹಗುರ ಆಪರೇಟಿಂಗ್ ಸಿಸ್ಟಂ ಆರಿಸುವ ಮೊದಲು ಇಷ್ಟು ತಿಳಿದುಕೊಳ್ಳಿ

ಹಳೇ ಲ್ಯಾಪ್‌ಟಾಪ್ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಮೂರು ಬಗೆಯ ಮಾತು ಓಡಾಡುತ್ತಿವೆ. ಒಂದು, ವಿಂಡೋಸ್ 10 ಬಂದ್ ಆಗಿದೆ, ಹಳೇ ಲ್ಯಾಪ್‌ಟಾಪ್ ಇನ್ನು ಪ್ರಯೋಜನವಿಲ್ಲ, ಮಾರಿಬಿಡಿ ಎನ್ನುವುದು. ಎರಡು, ಈ ಲಿಂಕ್‌ನಿಂದ 'ಲೈಟ್' ವಿಂಡೋಸ್ ಇಳಿಸಿಕೊಳ್ಳಿ, ಹತ್ತು ವರ್ಷದ ಲ್ಯಾಪ್‌ಟಾಪ್ ಹೊಸದರಂತೆ ಓಡುತ್ತದೆ ಎನ್ನುವುದು. ಮೂರು, ಲಿನಕ್ಸ್ ಹಾಕಿಬಿಡಿ, ವೈರಸ್ಸೇ ಬರುವುದಿಲ್ಲ ಎನ್ನುವುದು. ಮೂರರಲ್ಲಿ ಯಾವುದೂ ಪೂರ್ತಿ ನಿಜವಲ್ಲ. ಒಂದಂತೂ ನಿಮ್ಮ ಬ್ಯಾಂಕ್ ಖಾತೆಗೇ ಅಪಾಯ ತರಬಹುದು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಅನೇಕ ಮನೆಗಳಲ್ಲಿ ಇಂಥ ಒಂದು ಲ್ಯಾಪ್‌ಟಾಪ್ ಕಪಾಟಿನಲ್ಲಿ ಕೂತಿರುತ್ತದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಸೆಕೆಂಡ್ ಹ್ಯಾಂಡ್ ತಂದದ್ದಿರಬಹುದು. ಬೆಂಗಳೂರಿನಲ್ಲಿರುವ ಮಗ ಹೊಸದು ಕೊಂಡ ಮೇಲೆ ಊರಿಗೆ ತಂದಿಟ್ಟದ್ದಿರಬಹುದು. ಆನ್ ಮಾಡಿದರೆ ಡೆಸ್ಕ್‌ಟಾಪ್ ಕಾಣುವಷ್ಟರಲ್ಲಿ ಕಾಫಿ ಕುಡಿದು ಮುಗಿದಿರುತ್ತದೆ. ಹೊಸದಕ್ಕೆ ಮೂವತ್ತು ನಲವತ್ತು ಸಾವಿರ ಬೇಕು, ಅಡಿಕೆ ದುಡ್ಡು ಕೈಗೆ ಬರುವುದು ಇನ್ನೂ ದೂರ. ಹಳೆಯದನ್ನೇ ಬಳಸಿಕೊಳ್ಳಲು ಆಗುತ್ತದಾ ಎಂಬುದು ಇಲ್ಲಿ ಹವ್ಯಾಸದ ಪ್ರಶ್ನೆಯಲ್ಲ, ಮನೆ ಖರ್ಚಿನ ಪ್ರಶ್ನೆ. ಬನ್ನಿ, ಒಂದೊಂದಾಗಿ ನೋಡೋಣ.

ವಿಂಡೋಸ್ 10 'ಬಂದ್' ಎಂದರೇನು?

ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದಕ್ಕೂ ಮೊದಲು ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 8.1ಕ್ಕೆ 2023ರ ಜನವರಿಯಲ್ಲಿ ಹೀಗೇ ಆಗಿತ್ತು.

ಬೆಂಬಲ ಮುಗಿದರೆ ಲ್ಯಾಪ್‌ಟಾಪ್ ನಿಲ್ಲುವುದಿಲ್ಲ. ಮೊದಲಿನಂತೆ ಆನ್ ಆಗುತ್ತದೆ, ನಿಮ್ಮ ಫೈಲುಗಳು ಅಲ್ಲೇ ಇರುತ್ತವೆ. ನಿಲ್ಲುವುದು ಭದ್ರತಾ ಅಪ್‌ಡೇಟ್. ಕಳ್ಳರು ಹೊಸ ಕನ್ನ ಕಂಡುಹಿಡಿದಾಗ ಅದನ್ನು ಮುಚ್ಚಲು ಯಾರೂ ಬರುವುದಿಲ್ಲ. ಇಂಟರ್ನೆಟ್ ಇಲ್ಲದೆ ಲೆಕ್ಕ ಬರೆಯಲು ಬಳಸುವವರಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಬ್ಯಾಂಕಿಂಗ್, ಇಮೇಲ್, ಆನ್‌ಲೈನ್ ಅರ್ಜಿ ತುಂಬುವವರಿಗೆ ದಿನ ಕಳೆದಂತೆ ಅಪಾಯ ಹೆಚ್ಚುತ್ತದೆ.

ಹಾಗಾದರೆ ವಿಂಡೋಸ್ 11 ಹಾಕಬಹುದಲ್ಲ? ಅದಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಸಾಮಾನ್ಯವಾಗಿ ಇಂಟೆಲ್ 8ನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. 2017ಕ್ಕೂ ಹಿಂದಿನ ಲ್ಯಾಪ್‌ಟಾಪುಗಳು ಬಹುಪಾಲು ಇಲ್ಲೇ ಹೊರಬೀಳುತ್ತವೆ. ಆಗ ಉಳಿಯುವ ಮುಖ್ಯ ದಾರಿ ಹಗುರವಾದ ಬೇರೆ ಆಪರೇಟಿಂಗ್ ಸಿಸ್ಟಂ.

ನಿಧಾನ ಆಗುವುದು ಯಾಕೆ? ಅಂಗಳ ಮತ್ತು ಅಟ್ಟದ ಕಥೆ

ರ‍್ಯಾಮ್ ಎಂದರೆ ಮನೆಯ ಅಂಗಳ, ಹಾರ್ಡ್ ಡಿಸ್ಕ್ ಎಂದರೆ ಅಟ್ಟ. ಅಡಿಕೆ ಮೂಟೆ ಅಟ್ಟದ ಮೇಲೆ ಎಷ್ಟಾದರೂ ಇಡಬಹುದು. ಆದರೆ ಒಣಗಿಸುವುದು, ಆರಿಸುವುದು ಎಲ್ಲ ಅಂಗಳದಲ್ಲೇ. ಅಂಗಳ ಚಿಕ್ಕದಾದರೆ ಒಂದು ಮೂಟೆ ಮೇಲೇರಿಸಿ ಇನ್ನೊಂದು ಕೆಳಗಿಳಿಸಬೇಕು. ಇಡೀ ದಿನ ಹತ್ತಿ ಇಳಿಯುವುದರಲ್ಲೇ ಕಳೆಯುತ್ತದೆ, ಕೆಲಸ ಸಾಗುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲೂ ಇದೇ ನಡೆಯುತ್ತಿದೆ. 4 ಜಿಬಿ ರ‍್ಯಾಮ್ ಇದ್ದರೆ, ನೀವು ಏನೂ ತೆರೆಯುವ ಮೊದಲೇ ವಿಂಡೋಸ್ 10 ಅದರಲ್ಲಿ ಅರ್ಧದಷ್ಟನ್ನು ಹಿಡಿದು ಕೂತಿರಬಹುದು. ಬ್ರೌಸರಿನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ಉಳಿದದ್ದೂ ತುಂಬಿತು. ಆಮೇಲೆ ಹಾರ್ಡ್ ಡಿಸ್ಕಿಗೆ ಹತ್ತಿ ಇಳಿಯುವ ಕೆಲಸ ಶುರು. ಹಳೇ ಹಾರ್ಡ್ ಡಿಸ್ಕ್ ತಿರುಗುವ ತಟ್ಟೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಅದರ ಮುಳ್ಳು ಓಡಾಡಬೇಕು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದೇ ಕೆಲಸವನ್ನು ಹತ್ತಾರು ಪಟ್ಟು ಬೇಗ ಮಾಡುತ್ತದೆ.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಹಗುರ ಆಪರೇಟಿಂಗ್ ಸಿಸ್ಟಂ ನಿಮಗೆ ಉಳಿಸಿಕೊಡುವುದು ಸುಮಾರು ಒಂದು ಜಿಬಿ ಅಂಗಳ. ಬ್ರೌಸರ್ ಹಗುರ ಆಗುವುದಿಲ್ಲ. ಯೂಟ್ಯೂಬ್ ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ತೆರೆದರೂ ಅಷ್ಟೇ ಭಾರ. ಹಾಗಾಗಿ 'ಎಲ್ಲಕ್ಕಿಂತ ಹಗುರ ಯಾವುದು' ಎಂದು ಹುಡುಕುತ್ತಾ ಕೂರುವುದಕ್ಕಿಂತ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಏನಿದೆ, ಅದರಿಂದ ಏನು ಕೆಲಸ ಆಗಬೇಕು ಎಂದು ಮೊದಲು ನೋಡಬೇಕು.

ಮೊದಲು ಮೂರು ವಿಷಯ ನೋಡಿ

ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಅಬೌಟ್ ತೆರೆಯಿರಿ.

1. ರ‍್ಯಾಮ್ ಎಷ್ಟಿದೆ? 1, 2, 4 ಅಥವಾ 8 ಜಿಬಿ.
2. ಪ್ರೊಸೆಸರ್ 64 ಬಿಟ್ ಆಗಿದೆಯಾ? ಕೆಲವು ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರ್ 64 ಬಿಟ್ ಇದ್ದರೂ ಹಾಕಿರುವ ವಿಂಡೋಸ್ 32 ಬಿಟ್ ಇರುತ್ತದೆ. ನೋಡಬೇಕಾದ್ದು ಪ್ರೊಸೆಸರ್.
3. ಒಳಗಿರುವುದು ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ? ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಕಾಣುತ್ತದೆ.

ಈ ಮೂರನ್ನು ಬರೆದುಕೊಂಡರೆ ಅರ್ಧ ತೀರ್ಮಾನ ಆದಂತೆ.

ಮೂರು ಮನೆ, ಮೂರು ಉತ್ತರ

ಅರ್ಥವಾಗಲಿ ಎಂದು ಮೂರು ಮನೆಗಳನ್ನು ಊಹಿಸಿಕೊಳ್ಳೋಣ.

ಮೊದಲನೆಯದು ಹೊಸನಗರದ ಕಡೆಯ ಹಳ್ಳಿ ಮನೆ. 2014ರ ಲ್ಯಾಪ್‌ಟಾಪ್, ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಮಗಳು ಪಿಯುಸಿ ಓದುತ್ತಾಳೆ. ಪಿಡಿಎಫ್ ನೋಟ್ಸ್, ಯೂಟ್ಯೂಬ್ ಪಾಠ, ಪ್ರಾಜೆಕ್ಟ್ ಟೈಪಿಂಗ್, ಪರೀಕ್ಷೆ ಅರ್ಜಿ, ಇಷ್ಟೇ ಕೆಲಸ. ಇಲ್ಲಿ ಉತ್ತರ ಸುಲಭ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಬಹುದು. ಇದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಇದ್ದರೆ ಆರಾಮ. ನೋಡಲು ವಿಂಡೋಸ್‌ನಂತೆಯೇ ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು. ಮಿಂಟ್ 22 ಸರಣಿಗೆ 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಇನ್ನೂ ಸ್ವಲ್ಪ ಹಗುರ ಬೇಕೆಂದರೆ ಲುಬುಂಟು ಇದೆ. ಆದರೆ ಅದರ 24.04 ಆವೃತ್ತಿಗೆ ಬೆಂಬಲ 2027ರ ಏಪ್ರಿಲ್‌ವರೆಗೆ ಮಾತ್ರ, ಆಮೇಲೆ ಹೊಸ ಆವೃತ್ತಿಗೆ ಹೋಗಬೇಕು.

ಈ ಮನೆಯವರು ಖರ್ಚು ಮಾಡಬಹುದಾದ ಒಂದೇ ವಸ್ತು ಎಸ್‌ಎಸ್‌ಡಿ. 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹೊಸ ಲ್ಯಾಪ್‌ಟಾಪ್ ಬೆಲೆಯ ಚಿಕ್ಕ ಪಾಲಿಗೆ ಸಿಗುತ್ತದೆ, ರಿಪೇರಿ ಅಂಗಡಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಬದಲಾಯಿಸಿ ಕೊಡುತ್ತಾರೆ. ಆಪರೇಟಿಂಗ್ ಸಿಸ್ಟಂ ಬದಲಾಯಿಸಿದ್ದಕ್ಕಿಂತ ದೊಡ್ಡ ವ್ಯತ್ಯಾಸ ಹಲವು ಸಲ ಇದರಿಂದಲೇ ಕಾಣುತ್ತದೆ.

ಎರಡನೆಯದು ತೀರ್ಥಹಳ್ಳಿ ಕಡೆಯ ಮನೆ. ಅಲ್ಲಿರುವುದು 2009ರ ಸುಮಾರಿನ ಪುಟ್ಟ ನೆಟ್‌ಬುಕ್, 1 ಜಿಬಿ ರ‍್ಯಾಮ್, ಇಂಟೆಲ್ ಆಟಂ ಎನ್270 ಪ್ರೊಸೆಸರ್. ಇದು ಬರೀ 32 ಬಿಟ್. ಇದಕ್ಕಾಗಿಯೇ ಎಂಬಂತೆ ಆಂಟಿಎಕ್ಸ್, ಪಪ್ಪಿ ಲಿನಕ್ಸ್ ಎಂಬ ತೀರಾ ಹಗುರ ವ್ಯವಸ್ಥೆಗಳಿವೆ. ಹಾಕಿದರೆ ನೆಟ್‌ಬುಕ್ ಎದ್ದು ಕೂರುತ್ತದೆ, ಸುಳ್ಳಲ್ಲ. ಆದರೆ 32 ಬಿಟ್ ಲೋಕದ ಬಾಗಿಲುಗಳು ಮುಚ್ಚುತ್ತಿವೆ. ಕ್ರೋಮ್ ಬ್ರೌಸರ್ 32 ಬಿಟ್ ಲಿನಕ್ಸ್ ಬಿಟ್ಟದ್ದು 2016ರಲ್ಲೇ. ಫೈರ್‌ಫಾಕ್ಸ್ ಕೂಡ 2025ರಲ್ಲಿ 144ನೇ ಆವೃತ್ತಿಯೇ ಕೊನೆ ಎಂದು ಹೇಳಿತು. ಎಷ್ಟೋ ಲಿನಕ್ಸ್‌ಗಳಿಗೆ ಮೂಲವಾದ ಡೆಬಿಯನ್, 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿಯಿಂದ ಹಳೇ 32 ಬಿಟ್ ಕಂಪ್ಯೂಟರಿಗೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿದೆ.

ಹಾಗಾಗಿ ಈ ನೆಟ್‌ಬುಕ್ಕಿಗೆ ನಮ್ಮ ಸಲಹೆ: ಇಂಟರ್ನೆಟ್ ಬೇಡದ ಕೆಲಸಕ್ಕೆ ಬಳಸಿ. ಟೈಪಿಂಗ್ ಕಲಿಯಲು, ತೋಟದ ಲೆಕ್ಕ ಬರೆಯಲು, ಹಾಡು ಕೇಳಲು ಸಾಕು. ಬ್ಯಾಂಕಿಂಗ್ ಬೇಡ. ಇದರ ಮೇಲೆ ದುಡ್ಡು ಹಾಕುವುದೂ ಬೇಡ.

ಮೂರನೆಯದು ಸಾಗರ ಪೇಟೆಯ ಅಂಗಡಿ. 2017ರ ಲ್ಯಾಪ್‌ಟಾಪ್, ಐ5 ಏಳನೇ ತಲೆಮಾರು, 8 ಜಿಬಿ ರ‍್ಯಾಮ್. ಯಂತ್ರ ಗಟ್ಟಿಯಾಗಿದೆ, ವಿಂಡೋಸ್ 11 ಮಾತ್ರ ಒಪ್ಪುವುದಿಲ್ಲ. ಅಂಗಡಿಯವರು ಟ್ಯಾಲಿಯಲ್ಲಿ ಲೆಕ್ಕ ಇಡುತ್ತಾರೆ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತಾರೆ, ಪಕ್ಕದಲ್ಲಿ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಇದೆ. ಮೂರೂ ವಿಂಡೋಸ್ ನಂಬಿಕೊಂಡ ಕೆಲಸಗಳು. ಟ್ಯಾಲಿ ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ನಮ್ಮ ಕಡೆ ಅಂಗಡಿ ಅಂಗಡಿಯಲ್ಲೂ ಕಾಣುವ ಆ ಪ್ರಿಂಟರ್ ಲಿನಕ್ಸ್‌ನಲ್ಲಿ ಸತಾಯಿಸುತ್ತದೆ.

ಇವರು ಫಾರ್ವರ್ಡ್ ನೋಡಿ ಒಂದೇ ರಾತ್ರಿಯಲ್ಲಿ ಲಿನಕ್ಸ್ ಹಾಕಿದರೆ ಮರುದಿನ ಬಿಲ್ ಬರುವುದಿಲ್ಲ. ಮೈಕ್ರೋಸಾಫ್ಟ್ ವಿಂಡೋಸ್ 10ರ ಸಾಮಾನ್ಯ ಬಳಕೆದಾರರಿಗೆ ನೋಂದಣಿ ಮಾಡಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪ್ರಕಟಿಸಿತ್ತು, ಸಂಸ್ಥೆಗಳಿಗೆ ದುಡ್ಡು ಕೊಟ್ಟು ಪಡೆಯುವ ಬೇರೆ ಯೋಜನೆ ಇದೆ. ಅಪ್‌ಡೇಟ್ ವಿಭಾಗ ತೆರೆದು ನಿಮ್ಮದಕ್ಕೆ ಇದು ಸಿಗುತ್ತದಾ ನೋಡಿ. ಸಿಕ್ಕರೆ ಅಷ್ಟು ಸಮಯ ಕೈಗೆ ಬಂತು. ಆ ನಡುವೆ ವ್ಯಾಪಾರಕ್ಕೆ ಹೊಸ ಯಂತ್ರದ ಲೆಕ್ಕ ಹಾಕಿಕೊಳ್ಳಬೇಕು. ಹಳೆಯದು ಆಮೇಲೆ ಲಿನಕ್ಸ್ ಹಾಕಿಸಿಕೊಂಡು ಮನೆಯ ಮಕ್ಕಳಿಗೆ ಹೋಗಲಿ.

ಕ್ರೋಮ್ ಓಎಸ್ ಫ್ಲೆಕ್ಸ್ ಎಂಬ ಗೂಗಲ್‌ನ ಉಚಿತ ವ್ಯವಸ್ಥೆಯೂ ಇದೆ. 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಸಾಕು. ಆದರೆ ಅದರ ಬಹುಪಾಲು ಕೆಲಸ ಇಂಟರ್ನೆಟ್ ಮೂಲಕವೇ, ಪ್ಲೇ ಸ್ಟೋರ್ ಆ್ಯಪ್‌ಗಳೂ ಸಿಗುವುದಿಲ್ಲ. ಮಳೆ ಬಂದರೆ ನೆಟ್‌ವರ್ಕ್ ಹೋಗುವ ಊರಿಗೆ ಇದು ಒಪ್ಪುವುದು ಕಷ್ಟ.

ಲಿನಕ್ಸ್ ಕಷ್ಟ ಅಲ್ವಾ? ಕನ್ನಡ ಬರುತ್ತದಾ?

ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದೇ ಲಿನಕ್ಸ್. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್‌ನಲ್ಲಿ. ಅಲ್ಲಿನ ಕೈಟ್ ಎಂಬ ಸರ್ಕಾರಿ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಒಂದು ಆವೃತ್ತಿ ಮಾಡಿಕೊಟ್ಟಿದೆ. ಅಂದರೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಇದರಲ್ಲೇ ಕಲಿಯುತ್ತಾರೆ. ಮೊದಲ ವಾರ ಕೈ ತಡಕಾಡುತ್ತದೆ, ಆಮೇಲೆ ರೂಢಿಯಾಗುತ್ತದೆ.

ಕನ್ನಡ ಓದಲು ತೊಂದರೆಯಿಲ್ಲ. ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೋ ಮುಂತಾದ ಫಾಂಟುಗಳು ಉಚಿತ. ಟೈಪ್ ಮಾಡಲು ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ 'ಕಗಪ' ವಿನ್ಯಾಸ ಸೇರಿಸಿಕೊಂಡರೆ ಸಾಕು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸ ಇರುವವರಿಗೆ ಇದು ಪರಿಚಿತ ವಿನ್ಯಾಸವೇ.

ಒಂದು ಎಚ್ಚರಿಕೆ. ನುಡಿ ಅಥವಾ ಬರಹದಲ್ಲಿ ಯುನಿಕೋಡ್ ಅಲ್ಲದ ಹಳೇ ಫಾಂಟ್ ಬಳಸಿ ಟೈಪ್ ಮಾಡಿದ ಫೈಲುಗಳು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣಬಹುದು. ಸಹಕಾರ ಸಂಘದ ನಡಾವಳಿ, ಹಳೇ ಆಮಂತ್ರಣ, ನಾಟಕದ ಪ್ರತಿ ಏನೇ ಇದ್ದರೂ ವಿಂಡೋಸ್ ತೆಗೆಯುವ ಮೊದಲೇ ಯುನಿಕೋಡಿಗೆ ಬದಲಾಯಿಸಿ ಇಟ್ಟುಕೊಳ್ಳಿ.

ಹಾಕುವ ಮೊದಲು ಪೆನ್‌ಡ್ರೈವ್‌ನಲ್ಲೇ ನೋಡಿ

ಲಿನಕ್ಸ್‌ನ ದೊಡ್ಡ ಅನುಕೂಲ ಇದು. ಲ್ಯಾಪ್‌ಟಾಪಿನ ವಿಂಡೋಸ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು.

1. ಫೋಟೋ, ದಾಖಲೆ ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಇದು ಆಗದೆ ಮುಂದಿನ ಹೆಜ್ಜೆ ಬೇಡ.
2. ಮಿಂಟ್‌ನ ಫೈಲ್ ಸುಮಾರು 3 ಜಿಬಿ. ಹಳ್ಳಿಯ ಮೊಬೈಲ್ ನೆಟ್‌ವರ್ಕಿನಲ್ಲಿ ಇಳಿಸಲು ಹೋಗಿ ಮಧ್ಯದಲ್ಲಿ ನಿಲ್ಲಿಸಬೇಡಿ. ಪೇಟೆಯಲ್ಲಿ ಫೈಬರ್ ಸಂಪರ್ಕ ಇರುವ ಪರಿಚಿತರ ಮನೆಯಲ್ಲಿ ಇಳಿಸಿಕೊಳ್ಳಿ. ಅಧಿಕೃತ ಜಾಲತಾಣದಿಂದ ಮಾತ್ರ.
3. ಇಳಿದ ಫೈಲ್ ಸರಿ ಇದೆಯಾ ಎಂದು ಅದರ ಚೆಕ್‌ಸಮ್ ಹೋಲಿಸಿ ನೋಡಿ. ಜಾಲತಾಣದಲ್ಲಿ ಕೊಟ್ಟ ಉದ್ದನೆಯ ಸಂಕೇತವೂ ರೂಫಸ್ ತೋರಿಸುವುದೂ ಒಂದೇ ಇರಬೇಕು.
4. ರೂಫಸ್ ಬಳಸಿ 8 ಜಿಬಿ ಪೆನ್‌ಡ್ರೈವಿಗೆ ಹಾಕಿ. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ.
5. ಲ್ಯಾಪ್‌ಟಾಪ್ ಆನ್ ಮಾಡುವಾಗ ಬೂಟ್ ಮೆನು ತೆರೆಯಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.
6. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್, ಮುಚ್ಚಿ ತೆರೆದಾಗ ಏಳುವುದು, ಎಲ್ಲ ಪರೀಕ್ಷಿಸಿ. ಪೆನ್‌ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ ಇರುತ್ತದೆ, ಅದನ್ನು ನೋಡಿ ತೀರ್ಮಾನಿಸಬೇಡಿ.

ಕೆಲವು ಲ್ಯಾಪ್‌ಟಾಪುಗಳಲ್ಲಿ ವೈಫೈ ಮೊದಲಿಗೆ ಕಾಣುವುದಿಲ್ಲ. ಗಾಬರಿ ಬೇಡ. ಫೋನನ್ನು ಚಾರ್ಜರ್ ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ವೈಫೈ ಡ್ರೈವರ್ ಸಿಗುತ್ತದಾ ನೋಡಿ.

ಮಳೆ, ಕರೆಂಟ್, ಬ್ಯಾಟರಿ

ಮಲೆನಾಡಿನಲ್ಲಿ ಹಳೇ ಲ್ಯಾಪ್‌ಟಾಪಿನ ನಿಜವಾದ ಶತ್ರು ಬೇರೆ ಇದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ನೇರ ಕರೆಂಟಿನ ಮೇಲೆ ಓಡುತ್ತದೆ, ಕರೆಂಟ್ ಹೋದ ಕ್ಷಣವೇ ಬಂದ್. ಬರೆದದ್ದು ಹೋಗುತ್ತದೆ, ಹಾರ್ಡ್ ಡಿಸ್ಕಿಗೂ ಒಳ್ಳೆಯದಲ್ಲ. ಇನ್‌ಸ್ಟಾಲ್ ನಡೆಯುವಾಗ ಹೀಗಾದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇನ್ವರ್ಟರ್ ಇರುವ ಕಡೆ ಆ ಕೆಲಸ ಮಾಡಿ. ಲಿಬ್ರೆ ಆಫೀಸಿನಲ್ಲಿ ತಾನಾಗಿ ಉಳಿಸುವ ಅವಧಿ 10 ನಿಮಿಷ ಇರುತ್ತದೆ, ಅದನ್ನು 2 ನಿಮಿಷಕ್ಕೆ ಇಳಿಸಿಕೊಳ್ಳಿ.

ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅದಕ್ಕೆ ಬೆಂಕಿ ಹತ್ತಬಹುದು. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಮೊದಲು ಅದನ್ನು ತೆಗೆಸಿ, ಆಪರೇಟಿಂಗ್ ಸಿಸ್ಟಂ ಮಾತು ಆಮೇಲೆ. ಗುಡುಗು ಸಿಡಿಲಿನ ಸಂಜೆ ಚಾರ್ಜರನ್ನು ಗೋಡೆಯಿಂದ ಕಿತ್ತಿಡುವುದನ್ನು ಮರೆಯಬೇಡಿ.

ಹಾಗಾದರೆ ಆ ಮೂರು ಫಾರ್ವರ್ಡ್‌ಗಳು?

'ಹಳೇ ಲ್ಯಾಪ್‌ಟಾಪ್ ಇನ್ನು ಪ್ರಯೋಜನವಿಲ್ಲ': ತಪ್ಪು. 64 ಬಿಟ್ ಪ್ರೊಸೆಸರ್, 4 ಜಿಬಿ ರ‍್ಯಾಮ್ ಇದ್ದರೆ ಇನ್ನೂ ಕೆಲವು ವರ್ಷ ಓದಿಗೆ, ಮನೆ ಕೆಲಸಕ್ಕೆ ಧಾರಾಳ ಸಾಕು.

'ಲೈಟ್ ವಿಂಡೋಸ್ ಇಳಿಸಿಕೊಳ್ಳಿ': ಅಪಾಯ. ಗುರುತು ಪರಿಚಯ ಇಲ್ಲದವರು ವಿಂಡೋಸನ್ನು ಕತ್ತರಿಸಿ ಮಾಡಿದ ಪ್ರತಿ ಅದು. ಹಗುರ ಮಾಡಲು ಅದರಲ್ಲಿ ಅಪ್‌ಡೇಟ್, ಆಂಟಿವೈರಸ್‌ಗಳನ್ನೇ ತೆಗೆದಿರುವುದುಂಟು. ಒಳಗೆ ಏನು ಸೇರಿಸಿದ್ದಾರೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಅಂಥದ್ದರಲ್ಲಿ ಬ್ಯಾಂಕ್ ಪಾಸ್‌ವರ್ಡ್ ಹಾಕುವುದು ಮನೆ ಬೀಗದ ಕೈಯನ್ನು ದಾರಿಹೋಕರ ಕೈಗೆ ಕೊಟ್ಟ ಹಾಗೆ.

'ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲ': ಅರ್ಧ ನಿಜ. ಮನೆ ಕಂಪ್ಯೂಟರುಗಳ ಮಟ್ಟಿಗೆ ವೈರಸ್ ಕಾಟ ಬಹಳ ಕಡಿಮೆ. ಆದರೆ ನಕಲಿ ಬ್ಯಾಂಕ್ ಪುಟಕ್ಕೆ ನೀವೇ ಪಾಸ್‌ವರ್ಡ್ ಕೊಟ್ಟರೆ, ಫೋನಿನಲ್ಲಿ ಓಟಿಪಿ ಹೇಳಿದರೆ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಕಾಪಾಡುವುದಿಲ್ಲ. ಅಪ್‌ಡೇಟ್ ಹಾಕುತ್ತಿರಬೇಕು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ, ಈ ಲೇಖನವನ್ನು ಗುಂಪಿಗೆ ಕಳಿಸುವ ಮೊದಲು ನಿಮ್ಮ ಕಪಾಟಿನ ಲ್ಯಾಪ್‌ಟಾಪ್ ಹೊರತೆಗೆದು ಧೂಳು ಒರೆಸಿ, ಆ ಮೂರು ವಿಷಯ ಬರೆದುಕೊಳ್ಳಿ: ರ‍್ಯಾಮ್, ಪ್ರೊಸೆಸರ್, ಡಿಸ್ಕ್. ಯಾವ ಆಪರೇಟಿಂಗ್ ಸಿಸ್ಟಂ ಎಂದು ಯಾರನ್ನಾದರೂ ಕೇಳುವಾಗ ಮೊದಲು ಅದನ್ನೇ ಹೇಳಿ. ಅದನ್ನು ಕೇಳಿಸಿಕೊಳ್ಳದೆ ಉತ್ತರ ಕೊಡುವ ಫಾರ್ವರ್ಡನ್ನು ಅಲ್ಲಿಗೇ ಬಿಟ್ಟುಬಿಡಿ.